ಉಣ್ಣುವ ಮುಂಚಿನ ಪಾಠ

ಮುಳಗುಂದದ ವಿರೂಪಾಕ್ಷಪ್ಪ ಮಾಸ್ತರರದು ಒಂದೇ ಹಟ: ಮಗಳು ಗದಿಗೆವ್ವ ಈ ಸಲ ನಾಲ್ಕನೇ ಇಯತ್ತೆಗೆ ಹೋಗಲೇಬೇಕು. ಎರಡು ವರ್ಷದ ಹಿಂದೆ ಅವಳ ತಲೆಯಲ್ಲಿ ಗಡ್ಡೆಯಾಗಿ, ಮುಂಬೈಗೆ ಒಯ್ದು, ಯಂತ್ರದ ಕೆಳಗೆ ಮಲಗಿಸಿ ಕಿರಣ ಕೊಡಿಸಿಕೊಂಡು ಬಂದಿದ್ದರು. ಗಡ್ಡೆ ಕರಗಿತು, ಕೂಸು ಉಳಿಯಿತು. ಕಿರಣ ಬಿದ್ದ ತಲೆ, ಇನ್ನು ಹೊಸದು ಕಲಿಯುವುದು ಅವಳಿಗೆ ಕಷ್ಟವಾದೀತು ಎಂದು ಡಾಕ್ಟರರು ಅಂದದ್ದನ್ನು ಮಾತ್ರ ಮಾಸ್ತರರು ಕಿವಿಗೆ ಹಾಕಿಕೊಳ್ಳಲಿಲ್ಲ. ಊರ ಮಕ್ಕಳನ್ನೆಲ್ಲ ತಿದ್ದಿದ ಕೈ, ಹೆತ್ತ ಮಗಳನ್ನು ತಿದ್ದಲಾರದೆ?

ಅವರು ಮೋಸಹೋದದ್ದು ಮಗ್ಗಿಯಿಂದ. ಕಾಯಿಲೆಗೆ ಮುಂಚೆ ಕಲಿತ ಇಪ್ಪತ್ತರವರೆಗಿನ ಮಗ್ಗಿಯನ್ನು ಹುಡುಗಿ ಇವತ್ತಿಗೂ ನೀರು ಕುಡಿದಂತೆ ಒಪ್ಪಿಸುತ್ತಿದ್ದಳು. ಇಷ್ಟು ಬರುವವಳಿಗೆ ಹೊಸ ಪಾಠ ಬಾರದೆಂದರೆ ಅದು ಮೈಗಳ್ಳತನವೇ ಸರಿ ಎಂದುಕೊಂಡರು ಪುಣ್ಯಾತ್ಮರು. ಮನೆಯಲ್ಲಿ ಹೊಸ ಕಟ್ಟಳೆ ಬಂತು: ಸಂಜೆ ದೀಪ ಹಚ್ಚಿದ ಮೇಲೆ ಪಾಠ ಒಪ್ಪಿಸಬೇಕು, ಆಮೇಲೆ ರೊಟ್ಟಿ.

“ಕೂಸಿನ ಹೊಟ್ಟಿ ಮ್ಯಾಲ ಯಾಕ ಹೊಡೀತೀರಿ?” ಎಂದು ಹೆಂಡತಿ ಮಂಜವ್ವ ಅತ್ತಳು.

“ಸುಮ್ನಿರು, ನಿನಗ ತಿಳಿಯಂಗಿಲ್ಲ.”

ಕರ್ನಾಟಕ ಒಂದಾಗಿ ಆಗಷ್ಟೇ ತಿಂಗಳಾಗಿತ್ತು. ಮೊನ್ನೆಯವರೆಗೆ ಮುಂಬೈ ಸರಕಾರದಲ್ಲಿದ್ದ ಊರು ಈಗ ಮೈಸೂರು ರಾಜ್ಯಕ್ಕೆ ಸೇರಿತ್ತು. ಶಾಲೆಯ ತಪಾಸಣೆಗೆ ಬರುವ ಸಾಹೇಬರು ಕೇಳುವುದು ಅದನ್ನೇ ಎಂದು ಎಲ್ಲರಿಗೂ ಗೊತ್ತು. ಮಾಸ್ತರರು ವಾರವಿಡೀ ಮಗಳಿಗೆ ಒಂದೇ ಮಾತು ಬಾಯಿಪಾಠ ಮಾಡಿಸಿದರು: ನಮ್ಮದು ಮೈಸೂರು ರಾಜ್ಯ. ಬೆಳಿಗ್ಗೆ ಬಂದದ್ದು ಸಂಜೆಗೆ ಇರುತ್ತಿರಲಿಲ್ಲ. ಎಷ್ಟೋ ಸಂಜೆ ಹುಡುಗಿ ಬರಿಹೊಟ್ಟೆಯಲ್ಲೇ ಮಲಗಿದಳು.

ಸಾಹೇಬರು ಬಂದರು, ಕೇಳಿದರು. ಗದಿಗೆವ್ವ ಎದ್ದು ನಿಂತು, ಖುಷಿಯಿಂದ, “ನಮ್ದು ಮುಂಬೈ ರಾಜ್ಯ ರೀ” ಎಂದಳು. ಇಡೀ ವರ್ಗ ನಕ್ಕಿತು. ಯಾಕೆಂದು ತಿಳಿಯದೆ ಅವಳೂ ನಕ್ಕಳು. ಆ ನಗು ಕಂಡು ಮಾಸ್ತರರ ಎದೆ ಒಡೆಯಿತು. ಡಾಕ್ಟರರ ಮಾತು ಅವರ ಕಿವಿಗೆ ಬಿದ್ದದ್ದು ಆಗಲೇ.

“ತ್ರಾಸ ಕೊಡಬ್ಯಾಡ್ರಿ ಮಾಸ್ತರ. ಮನ್ಯಾಗ ಆಡಿಕೊಂಡಿರ್ಲಿ,” ಎಂದು ಸಾಹೇಬರು ಮೆಲ್ಲಗೆ ಹೇಳಿ ಹೋದರು.

ಅಂದು ಸಂಜೆ ತಾಟು ಹಾಕಿದವರು ಮಾಸ್ತರರೇ. ರೊಟ್ಟಿ ಮುರಿದು, ಹಾಲು ಹಾಕಿ, “ಬಾ ನನ್ನವ್ವ, ಉಣ್ಣು ಬಾ” ಎಂದು ಕರೆದರು. ಹುಡುಗಿ ಗೋಡೆಗೆ ಒತ್ತಿ ನಿಂತೇ ಇದ್ದಳು.

“ಒಲ್ಲೆ ಅಪ್ಪಾ. ಪಾಠ ಬಂದಿಲ್ಲ.”

“ಇನ್ನ ಪಾಠ ಇಲ್ಲವ್ವ. ಉಣ್ಣು.”

“ಪಾಠ ಬರ್ಲಿಲ್ಲಂದ್ರ ಉಣಬಾರದಲ್ಲ?”

ಮುಂಬೈಯಿಂದ ಬಂದ ಮೇಲೆ ಅವಳ ತಲೆಯಲ್ಲಿ ನಿಂತ ಹೊಸ ಪಾಠ ಅದೊಂದೇ. ಕಲಿಸಿದವರು ತಾಟಿನ ಮುಂದೆ ಕೂತು ಅಳುತ್ತಿದ್ದರು. ಅದನ್ನು ಮರೆಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ.