ತೊಳೆದಿಟ್ಟ ಎರಡು ಸಿಲಿಂಡರ್

ಸಂಜೆ ನಾಲ್ಕಕ್ಕೆ ತಪಾಸಣಾ ಕೇಂದ್ರದ ಗೇಟು ಮುಚ್ಚುತ್ತದೆ. ಅಷ್ಟರೊಳಗೆ ಇಪ್ಪತ್ತೇಳು ವರ್ಷದ ಹಳೆಯ ವ್ಯಾನು ಬ್ರೇಕು ಸರಿಮಾಡಿಸಿಕೊಂಡು ಹೋಗಿ ಮುದ್ರೆ ಒತ್ತಿಸಿಕೊಳ್ಳಬೇಕು. ಇಲ್ಲವಾದರೆ ಹನ್ನೊಂದು ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ನಾಳೆಯಿಂದ ಬೇರೆಯವರ ಪಾಲು. ಆ ಮಕ್ಕಳು ‘ವ್ಯಾನಕ್ಕ’ ಎಂದು ಕರೆಯುವ ಹೆಂಗಸು ಗುಜರಿ ಅಂಗಳದಲ್ಲಿ ಗ್ರೀಸು ಮೆತ್ತಿಕೊಂಡು ನಿಂತಿದ್ದಾಗ ಗಂಟೆ ಹನ್ನೆರಡಾಗಿತ್ತು.

ಬೇಕಾಗಿದ್ದುದು ಬ್ರೇಕಿನ ಮಾಸ್ಟರ್ ಸಿಲಿಂಡರ್. ಪೆಡಲ್ ತುಳಿದರೆ ಎಣ್ಣೆಯನ್ನು ನಾಲ್ಕೂ ಚಕ್ರಗಳಿಗೆ ದೂಡುವ, ಗೇಣುದ್ದದ ಕಬ್ಬಿಣದ ಕೊಳವೆ. ಅದರೊಳಗಿನ ರಬ್ಬರು ಹೊಸದು ಸಿಗುತ್ತದೆ. ಕೊಳವೆಯೇ ಸವೆದು ಒಳಗೆ ಗೀರು ಬಿದ್ದರೆ ದೇವರೇ ಗತಿ, ಏಕೆಂದರೆ ಕಂಪನಿ ಅದನ್ನು ಮಾಡುವುದು ಬಿಟ್ಟು ಎಷ್ಟೋ ವರ್ಷವಾಗಿತ್ತು. ದೊಡ್ಡಂಗಡಿಯವನು ಎಲ್ಲಿಂದಲೋ ತರಿಸಿಕೊಡುತ್ತೇನೆಂದು ಬೆಲೆ ಹೇಳಿದಾಗ ಆಕೆಗೆ ನಗುವೇ ಬಂದಿತ್ತು. ಮೂಗಿಗಿಂತ ಮೂಗುತಿ ಭಾರ.

“ಈ ಮಾಡಲ್ದು ಇದೊಂದೇ ಗಾಡಿ ಉಳಿದಿರೋದು. ಬಿಚ್ಕೊಳ್ಳೋದು ನಿಮ್ಮ ಪಾಡು,” ಎಂದಿದ್ದ ಗುಜರಿಯವನು. ಬಿಚ್ಚಿದಳು. ತುಕ್ಕು ಹಿಡಿದ ನಟ್ಟುಗಳು ಗೆಣ್ಣಿನ ಚರ್ಮ ಕಿತ್ತುಕೊಂಡೇ ಸಡಿಲವಾದದ್ದು. ಅವನು ಅದನ್ನು ಕೈಗೆತ್ತಿಕೊಂಡು ಹಳದಿ ಬಣ್ಣದ ಬೊಟ್ಟಿಟ್ಟ.

“ನನ್ ಮೇಲೂ ಅನುಮಾನಾನಾ?”

“ನಿಮ್ಮ ಮೇಲಲ್ಲಕ್ಕ, ಮನುಷ್ಯಜಾತಿ ಮೇಲೆ. ಒಳ್ಳೇದು ಒಯ್ದು, ತಮ್ಮ ಕೆಟ್ಟಿದ್ದನ್ನ ತಂದು ಕಾಸು ವಾಪಸ್ ಕೇಳ್ತಾರೆ. ಬೊಟ್ಟು ಅಳಿಸಿಹೋದ್ರೆ ನನ್ನ ಹತ್ರ ಬರ್ಬೇಡಿ.”

ಮನೆಯ ಪಕ್ಕದ ಶೆಡ್ಡಿನಲ್ಲಿ ಮಾವ ಹಳೆಯ ಸಿಲಿಂಡರನ್ನು ಆಗಲೇ ಕಳಚಿಟ್ಟು ಕಾಯುತ್ತಿದ್ದರು. ನಲವತ್ತು ವರ್ಷ ಮೆಕ್ಯಾನಿಕ್ ಆಗಿ ದುಡಿದ ಜೀವ. ಗಂಡ ತೀರಿಹೋದ ವರ್ಷ ಮೂಲೆ ಹಿಡಿದಿದ್ದ ಸೊಸೆಯನ್ನು ಎಬ್ಬಿಸಿ ಸ್ಟೇರಿಂಗ್ ಹಿಂದೆ ಕೂರಿಸಿದವರು ಅವರೇ, ನಟ್ಟು ತಿರುಗಿಸುವ ಪಾನಾ ಹಿಡಿಯಲು ಕಲಿಸಿದವರೂ ಅವರೇ. ಅವರಿಗೆ ಕೊಳೆ ಕಂಡರಾಗದು. ಗಾಡಿಯೊಳಗೆ ಹೋಗುವ ಸಾಮಾನು ಯಾವುದೇ ಇರಲಿ, ಮೊದಲು ಅದಕ್ಕೆ ಅಭ್ಯಂಜನ ಆಗಲೇಬೇಕು.

ಆಕೆ ಗೆಣ್ಣಿನ ಗಾಯ ತೊಳೆದುಕೊಂಡು ಬರುವಷ್ಟರಲ್ಲಿ ಮುದುಕರು ಎರಡನ್ನೂ ಒಂದೇ ಥಿನ್ನರ್ ಡಬ್ಬಿಯಲ್ಲಿ ಅದ್ದಿ, ಉಜ್ಜಿ, ಬಟ್ಟೆಯ ಮೇಲೆ ಮಲಗಿಸಿದ್ದರು. ಎರಡೂ ಫಳಫಳ. ಅವಳಿ ಮಕ್ಕಳನ್ನು ಹೆತ್ತ ತಾಯಾದರೂ ಗುರುತಿಸಿಯಾಳು, ಇವುಗಳನ್ನು ಗುರುತಿಸುವಂತಿರಲಿಲ್ಲ.

“ಮಾವ, ಹಳದಿ ಬೊಟ್ಟು?”

“ಯಾವ ಬೊಟ್ಟು? ಗಲೀಜಿತ್ತು, ಹೋಯ್ತು.”

“ಮತ್ತೆ ಇದ್ರಲ್ಲಿ ನಾನು ತಂದಿದ್ದು ಯಾವುದು?”

ಮಾವ ಒಂದರ ಕೊಳವೆಯೊಳಗೆ ಕಿರುಬೆರಳಿಟ್ಟು ತಿರುಗಿಸಿದರು, ಇನ್ನೊಂದರೊಳಗೂ ಇಟ್ಟರು. “ಇದೇ. ಈ ಬೆರಳಿಗೆ ಸುಳ್ಳು ಹೇಳಿದ ಕಬ್ಬಿಣ ಇನ್ನೂ ಹುಟ್ಟಿಲ್ಲ ಕಣಮ್ಮ.”

ಆಕೆಗೆ ತಾನೂ ಒಮ್ಮೆ ಬೆರಳಿಟ್ಟು ನೋಡಬೇಕೆನಿಸಿತು. ನೋಡಲಿಲ್ಲ. ದೊಡ್ಡವರ ಮಾತಿಗೆ ಎದುರಾಡಬಾರದು ಎನ್ನುವುದು ಒಳ್ಳೆಯ ಗುಣವೇ. ಆದರೆ ಬ್ರೇಕಿಗೆ ಆ ಗುಣ ಗೊತ್ತಿಲ್ಲ.

ಕೂಡಿಸಿ, ಎಣ್ಣೆ ತುಂಬಿ, ಅದರಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದು ಮುಗಿಸಿದಾಗ ಎರಡೂಕಾಲು. ಇನ್ನು ಪರೀಕ್ಷೆ. ಬ್ರೇಕು ಕಟ್ಟಿದವನು ಇಳಿಜಾರಿನಲ್ಲಿ ಗಾಡಿಯ ಮುಂದೆ ನಿಂತು ತೋರಿಸಬೇಕು ಎನ್ನುವುದು ಮಾವನ ಕಾಲದ ಶೆಡ್ಡುಗಳ ಕಟ್ಟಳೆ. ಯಾರು ಬೇಡವೆಂದರೂ ಅವರು ಬಿಟ್ಟವರಲ್ಲ. ಓಣಿಯ ತಗ್ಗಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ವ್ಯಾನಿನ ಮೂತಿಗೂ ಅವರಿಗೂ ನಡುವೆ ಇಪ್ಪತ್ತು ಹೆಜ್ಜೆ.

ವ್ಯಾನಕ್ಕ ಪೆಡಲ್ ತುಳಿದಳು. ಕಲ್ಲಿನ ಹಾಗೆ ಗಟ್ಟಿ! ಅಬ್ಬ ಎಂದುಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿದಳು. ಕಾಲು ಪೆಡಲಿನ ಮೇಲೇ ಇತ್ತು. ಅಂಗಾಲಿನ ಕೆಳಗೆ ಏನೋ ಕರಗಿದಂತಾಯಿತು. ಭ್ರಮೆ ಇರಬೇಕು. ಹತ್ತು ಎಣಿಸಿದಳು, ಹದಿನೈದು ಎಣಿಸಿದಳು. ಪೆಡಲು ಸದ್ದಿಲ್ಲದೆ ನೆಲದ ಕಡೆಗೆ ಇಳಿಯುತ್ತಲೇ ಇತ್ತು.

“ಬಿಡು, ಬಾ!” ಮಾವ ಎರಡೂ ಕೈ ಬೀಸಿ ಕರೆದರು.

ವ್ಯಾನು ಅರ್ಧ ಹೆಜ್ಜೆ ಜರುಗಿತು. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದು ಹಿಡಿದಳು.

ಒಂದೇ ಸಲ ಜೋರಾಗಿ ತುಳಿದರೆ ಗಾಡಿ ನಿಲ್ಲುತ್ತದೆ, ಅದು ಅವಳಿಗೆ ಗೊತ್ತು. ಕೇಂದ್ರದಲ್ಲಿ ನೋಡುವುದೂ ಅಷ್ಟನ್ನೇ. ಬಾಯಿ ಮುಚ್ಚಿಕೊಂಡರೆ ಮುದ್ರೆ ಖಂಡಿತ, ಮಾವನ ಮರ್ಯಾದೆಯೂ ಉಳಿಯುತ್ತದೆ. ಆದರೆ ನಾಳೆ ಬೆಳಿಗ್ಗೆ ಸಿಗ್ನಲ್ಲಿನಲ್ಲಿ ಕಾಲೊತ್ತಿ ಕಾಯುವಾಗ ಹಿಂದೆ ಹನ್ನೊಂದು ತಲೆಗಳಿರುತ್ತವೆ. ಆಕೆ ಇಳಿದುಹೋದಳು.

“ಮಾವ, ಪೆಡಲ್ ಇಳೀತಿದೆ.”

“ಗಾಳಿ ಉಳಿದಿರುತ್ತೆ.”

“ಗಾಳಿ ಇದ್ರೆ ಮೊದಲೇ ಮೆತ್ತಗಿರ್ತಿತ್ತು, ನೀವೇ ಹೇಳ್ಕೊಟ್ಟಿದ್ದು. ಇದು ಗೀರಿನಲ್ಲಿ ಎಣ್ಣೆ ಹಿಂದಕ್ಕೆ ಜಾರ್ತಿರೋದು. ನಾವು ಹಾಕಿರೋದು ಹಳೇದನ್ನೇ.”

ಮಾವನ ಮುಖ ಕೆಂಪಾಯಿತು. “ನಿನ್ನೆ ಮೊನ್ನೆ ಪಾನಾ ಹಿಡಿದೋಳು ನನಗೆ ಹೇಳೋ ಹಾಗಾದೆಯಾ?”

ಇಷ್ಟು ವರ್ಷಗಳಲ್ಲಿ ಅವರು ಅವಳ ಮೇಲೆ ದನಿಯೇರಿಸಿದ್ದಿಲ್ಲ. ಕಣ್ಣು ತುಂಬಿ ಬಂತು. ಆದರೂ ಶೆಡ್ಡಿಗೆ ಹೋಗಿ, ಬಟ್ಟೆಯ ಮೇಲೆ ಉಳಿದಿದ್ದ ಸಿಲಿಂಡರ್ ತಂದು, ಅದರೊಳಗೆ ಬೆರಳಿಟ್ಟು ನೋಡಿದಳು. ಗಾಜಿನಷ್ಟು ನುಣುಪು. ಅವರ ಕೈಗೆ ಕೊಟ್ಟಳು.

ಮಾವ ಕಿರುಬೆರಳಿಟ್ಟರು. ತೆಗೆದು ತೋರುಬೆರಳಿಟ್ಟರು. ಎಡಗೈಯ ಬೆರಳುಗಳನ್ನೂ ಒಂದೊಂದಾಗಿ ಇಟ್ಟು ನೋಡಿದರು. ಸಕ್ಕರೆ ಕಾಯಿಲೆ ಪಾದಗಳ ಸ್ಪರ್ಶ ತಿಂದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆರಳಿನವರೆಗೂ ಏರಿದ್ದನ್ನು ಅವರು ತಮಗೂ ಹೇಳಿಕೊಂಡಿರಲಿಲ್ಲ.

“ಏನೂ ಗೊತ್ತಾಗ್ತಿಲ್ಲ ಮಗಳೇ,” ಎಂದರು, ಬಹಳ ಮೆಲ್ಲಗೆ. ಆಮೇಲೆ ಪಾನಾವನ್ನು ಅವಳ ಕಡೆ ಚಾಚಿದರು. “ನೀನೇ ಬಿಚ್ಚು. ಬೇಗ.”

ಅವಳು ಬಿಚ್ಚಿದಳು, ಕೂಡಿಸಿದಳು. ಅವರು ಪೆಡಲ್ ತುಳಿದುಕೊಟ್ಟರು, ಅವಳು ಗಾಳಿ ತೆಗೆದಳು. ಆಮೇಲೆ ಅವಳೇ ಕೂತು ತುಳಿದು ಹಿಡಿದು ನೂರು ಎಣಿಸಿದಳು. ಪೆಡಲು ಕೂದಲೆಳೆಯಷ್ಟೂ ಕದಲಲಿಲ್ಲ. ಮೂರೂ ಐವತ್ತೆರಡಕ್ಕೆ ವ್ಯಾನು ಕೇಂದ್ರದ ಗೇಟು ದಾಟಿತು.

ಇನ್ಸ್‌ಪೆಕ್ಟರು ಮೇಜಿನ ಮೇಲಿನದನ್ನೆಲ್ಲ ಎತ್ತಿಡುತ್ತಿದ್ದರು. ಮಾವನನ್ನು ಕಂಡದ್ದೇ ಮುಖ ಅರಳಿತು.

“ಯಜಮಾನ್ರು ಬಂದ್ರಾ! ಬ್ರೇಕ್ ನೀವೇ ಮಾಡಿದ್ದು ತಾನೆ? ಹಾಗಿದ್ರೆ ನೋಡೋದೇನಿದೆ, ಕೊಡಮ್ಮ ಗಾಡಿ ಪುಸ್ತಕ. ಇವರ ಗಾಡೀನ ನಾನು ಯಾವತ್ತೂ ಓಡಿಸಿ ನೋಡಿದ್ದೇ ಇಲ್ಲ.” ಮುದ್ರೆ ಮೇಲೆದ್ದಿತು.

ಹಳೆಯ ಸಿಲಿಂಡರೇ ಇದ್ದಿದ್ದರೂ ಇದೇ ಮುದ್ರೆ ಬೀಳುತ್ತಿತ್ತು. ಪುಸ್ತಕ ಕೊಡಲೆಂದು ಕೈ ಚಾಚಿದ ವ್ಯಾನಕ್ಕ ಹಾಗೇ ನಿಂತಳು.

ಮಾವ ಮುದ್ರೆಯ ಕೆಳಗೆ ತಮ್ಮ ಅಂಗೈ ಅಡ್ಡ ಇಟ್ಟರು.

“ಓಡಿಸಿ ನೋಡಿ ಸ್ವಾಮಿ,” ಎಂದರು. “ಇವತ್ತು ನಾನು ಕೆಟ್ಟಿದ್ದನ್ನೇ ಹಾಕಿದ್ದೆ. ನನ್ನ ಕೈ ಹೋಯ್ತು. ಈಗಿರೋದು ನನ್ನ ಸೊಸೆ ಕಟ್ಟಿದ ಬ್ರೇಕು.”

ಇನ್ಸ್‌ಪೆಕ್ಟರು ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಮುದ್ರೆಯನ್ನು ಕೆಳಗಿಟ್ಟು, ವ್ಯಾನಿನ ಕೀಲಿಗಾಗಿ ಕೈ ಚಾಚಿದರು.