ನೀರಿನ ಚಾರ್ಟಿಗೆ ಬಾಯಿರಲಿಲ್ಲ

ಎಲ್ಲೋ ಪೈಪು ಒಡೆಯುತ್ತದೆ, ಚರಂಡಿ ನೀರು ನಲ್ಲಿಗೆ ಸೇರುತ್ತದೆ, ಮಕ್ಕಳು ಹಾಸಿಗೆ ಹಿಡಿಯುತ್ತಾರೆ. ಯಾವ ಊರಿಗೂ ಇದು ಹೊಸದಲ್ಲ. ಅದಕ್ಕೇ ನೀರಿನ ಕಚೇರಿಯವರು ದಿನಾ ಬೆಳಗ್ಗೆ ತಮ್ಮ ವೆಬ್‌ಸೈಟಿನಲ್ಲಿ ಒಂದು ಚಾರ್ಟ್ ಹಾಕುತ್ತಿದ್ದರು. ಅದರಲ್ಲಿ ಬೀದಿಗೊಂದು ಬಣ್ಣದ ಕಂಬ. ಹಸಿರಿದ್ದರೆ ಕುಡಿಯಬಹುದು, ಕೆಂಪಿದ್ದರೆ ಕೂಡದು.

ಚಾರ್ಟ್ ಮಾಡುವ ಹುಡುಗನಿಗೆ ಒಬ್ಬಳೇ ಅಕ್ಕ. ಹುಟ್ಟಿನಿಂದ ಕಣ್ಣು ಕಾಣದು. ಮನೆಯಲ್ಲೇ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಾಳೆ. ಪರದೆಯ ಮೇಲಿನ ಅಕ್ಷರವನ್ನೆಲ್ಲ ಅವಳ ಫೋನು ಗಟ್ಟಿಯಾಗಿ ಓದಿ ಹೇಳುತ್ತದೆ.

ಅವತ್ತು ಅವಳ ಬೀದಿಯ ಕಂಬ ಕೆಂಪಗಿತ್ತು. ಫೋನು, "ಇಂದಿನ ನೀರಿನ ಗುಣಮಟ್ಟ, ಚಿತ್ರ" ಎಂದು ಸುಮ್ಮನಾಯಿತು. ಅಕ್ಕ ತನ್ನ ಪುಟ್ಟ ಮಗಳಿಗೆ ನಲ್ಲಿಯಿಂದ ಲೋಟ ತುಂಬಿ ಕೊಟ್ಟಳು. ಮರುದಿನ ಮಗುವಿಗೆ ವಾಂತಿ, ಭೇದಿ. ಆಸ್ಪತ್ರೆ ಸೇರುವ ಹೊತ್ತಿಗೆ ಅದಕ್ಕೆ ಅಳುವುದಕ್ಕೂ ತ್ರಾಣವಿರಲಿಲ್ಲ.

ತಮ್ಮ ಏದುಸಿರು ಬಿಡುತ್ತಾ ಬಂದ. "ಕೆಂಪು ಹಾಕಿದ್ನಲ್ಲ ಅಕ್ಕಾ!"

"ನಿನ್ನ ಕೆಂಪು ನನ್ನ ಕಿವಿಗೆ ಬೀಳ್ಲಿಲ್ಲ ಕಣೋ. ಚಿತ್ರ ಅಂತು, ಅಷ್ಟೇ. ನೀರು ಕೆಟ್ಟಿದ್ರೆ ನನ್ನ ತಮ್ಮ ಬರೆಯದೆ ಇರ್ತಾನಾ ಅಂದ್ಕೊಂಡೆ."

ಅವನ ಮುಖ ಕಪ್ಪಿಟ್ಟಿತು. ಆದರೂ ಸೋಲೊಪ್ಪಲಿಲ್ಲ. "ಚಿತ್ರಕ್ಕೆ ಹೆಸರು ಬರೆದಿದೀನಿ. ನಿಯಮ ಇರೋದೇ ಅಷ್ಟು."

ಡ್ರಿಪ್ ಸರಿಮಾಡುತ್ತಿದ್ದ ನರ್ಸಮ್ಮ ತಿರುಗಿದರು. "ಹೆಸರು ಬರೆದ್ರಿ, ವಿಷಯ ಬರೀಲಿಲ್ಲ. ತಟ್ಟೆ ಇಟ್ಟು ಊಟ ಬಡಿಸದೆ ಎದ್ದು ಹೋದಂಗಾಯ್ತು."

"ಒಂದು ಫೋನ್ ಮಾಡಿ ನನ್ನ ಕೇಳ್ಬಹುದಿತ್ತಲ್ಲ ಅಕ್ಕಾ?"

"ಊರವರೆಲ್ಲ ನೋಡಿ ಕುಡೀಬೇಕು, ನಾನು ಮಾತ್ರ ನಿನ್ನ ಕೇಳಿ ಕುಡೀಬೇಕಾ? ಆಯ್ತು, ಕೇಳ್ತೀನಿ. ತಮ್ಮ ಇಲ್ಲದವರು ಯಾರನ್ನ ಕೇಳ್ಬೇಕು ಹೇಳು."

ಅವನು ಮಗುವಿನ ಪಾದ ಹಿಡಿದು ಅತ್ತುಬಿಟ್ಟ. ಆಮೇಲೆ ಕೇಳಿದ, "ಏನು ಮಾಡ್ಲಿ ನರ್ಸಮ್ಮ? ಚಾರ್ಟ್ ತೆಗೆದುಬಿಡ್ಲಾ?"

"ಯಾಕೆ ತೆಗೀತೀರಿ? ಕಾಣೋರಿಗೆ ಇರ್ಲಿ. ಅದರ ಮೇಲೆ ಮುಖ್ಯವಾದ ಮಾತನ್ನ ಒಂದು ಸಾಲಲ್ಲಿ ಬರೀರಿ. ಕೆಳಗೆ ಯಾವ ಬೀದಿಗೆ ಎಂಥ ನೀರು ಅಂತ ಕೋಷ್ಟಕ ಕೊಡಿ. ಬಣ್ಣ ಹೇಳೋದನ್ನ ಅಕ್ಷರವೂ ಹೇಳ್ಲಿ. ನಮ್ಮ ಆಸ್ಪತ್ರೆಯ ಜ್ವರದ ಚಾರ್ಟಿಗೂ ಹಾಗೇ ಮಾಡ್ತೀವಿ."

"ಕೋಷ್ಟಕದ ಫೋಟೋ ತೆಗೆದು ಅಂಟಿಸ್ಬೇಡ ಮಾರಾಯ," ಎಂದಳು ಅಕ್ಕ. "ಮತ್ತೆ ಅದೇ ಕಥೆ. ಅಕ್ಷರದಲ್ಲೇ ಇರ್ಲಿ."

ಅವನು ಅಲ್ಲಿಂದಲೇ ಕಚೇರಿಗೆ ಹೋದ. ಮಾರನೆಯ ಬೆಳಗ್ಗೆ ಮಗು ಕಣ್ಣು ಬಿಟ್ಟು ಅಮ್ಮನ ಸೆರಗು ಎಳೆಯುತ್ತಿತ್ತು. ಪಕ್ಕದಲ್ಲಿ ಫೋನು ಓದುತ್ತಿತ್ತು: "ಎಚ್ಚರಿಕೆ. ಗಿರಣಿ ಹಿಂದಿನ ಬೀದಿಯ ನೀರನ್ನು ಇಂದು ಕುಡಿಯಬೇಡಿ." ಆಚೆ ಮಂಚದ ಮುದುಕರೊಬ್ಬರು, ಅವರಿಗೂ ಕಣ್ಣು ಮಂಜು, "ಅಯ್ಯೋ, ಅದು ನಮ್ಮ ಬೀದಿ!" ಎಂದು ಎದ್ದು ಕೂತು ಮನೆಗೆ ಫೋನ್ ಮಾಡಿದರು.

ಚಾರ್ಟ್ ಹಾಕುವವರೇ, ನೀರಿನದೋ, ಜ್ವರದ್ದೋ, ಮತ ಎಣಿಕೆಯದೋ, ಯಾವುದೇ ಇರಲಿ. ಅದು ಹೇಳುವುದನ್ನು ಮಾತಿನಲ್ಲೂ ಬರೆಯಿರಿ, ಅಂಕಿಗಳನ್ನು ಚಿತ್ರದಲ್ಲಲ್ಲ, ಅಕ್ಷರದಲ್ಲೇ ಕೊಡಿ. ಕಣ್ಣು ಕಾಣದ ಒಬ್ಬರಿಂದ ಓದಿಸಿ ನೋಡಿ. ಅವರಿಗೆ ತಿಳಿಯದಿದ್ದರೆ, ನೀವು ಊರಿಗೆ ಇನ್ನೂ ತಿಳಿಸಿಲ್ಲ.