ಹಡಗು ನೋಡಿ ಇಟ್ಟ ತಿಥಿ

ಬೇರೆ ಊರುಗಳಲ್ಲಿ ತಿಥಿಯನ್ನು ಮನುಷ್ಯ ಸತ್ತ ದಿನ ನೋಡಿ ಇಡುತ್ತಾರೆ. ನಮ್ಮ ಪಾಲಿಯೋಸ್ಕಾಲಾದಲ್ಲಿ ಹಡಗು ನೋಡಿ ಇಡುತ್ತಾರೆ. ಈ ಮಾತನ್ನು ಯಾರೆದುರು ಬೇಕಾದರೂ ಹೇಳುತ್ತೇನೆ, ಊರಿನ ಅಧ್ಯಕ್ಷ ಥ್ರಾಸಿವುಲೋಸನ ಎದುರೂ ಹೇಳಿದ್ದೇನೆ. ನನ್ನ ಗಂಡ ಝಿಸಿಸ್ "ಮೆತ್ತಗೆ ಮಾತಾಡೇ ಗರೂಫಲ್ಯಾ, ಆಚೆಗೆ ಕೇಳಿಸುತ್ತೆ" ಅನ್ನುತ್ತಾನೆ. ಮೆತ್ತಗೆ ಮಾತಾಡಿ ಮಾತಾಡಿಯೇ ಈ ಊರಿಗೆ ಈ ಗತಿ ಬಂದಿದ್ದು.

ಸತ್ತವನು ನನ್ನಣ್ಣ ಪಾಂಡೆಲಿಸ್. ಅವನಿಗೊಂದು ಮರದ ದೋಣಿಯಿತ್ತು, ನಮ್ಮಪ್ಪ ಬಿಟ್ಟುಹೋದದ್ದು. ಪ್ರವಾಸಿಗಳ ದೊಡ್ಡ ಹಡಗು ಬರಲಿ ಅಂತ ಬಂದರಿನ ಧಕ್ಕೆಯನ್ನು ಉದ್ದ ಮಾಡಿದರು, ದೋಣಿ ಕಟ್ಟುವುದಕ್ಕೆ ಜಾಗ ಇಲ್ಲದಾಯಿತು. ಮೀನು ಹಿಡಿಯುವುದನ್ನು ಬಿಟ್ಟರೆ ಪರಿಹಾರ ಕೊಡುತ್ತೇವೆ, ಆದರೆ ದೋಣಿ ಒಡೆಯಬೇಕು ಅಂದಿತು ಸರ್ಕಾರ. ಮಾರುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಒಡೆಯಲೇಬೇಕು. ಬುಲ್ಡೋಜರ್ ಬಂದು ಎಲ್ಲರ ಕಣ್ಣೆದುರೇ ನಮ್ಮಪ್ಪನ ದೋಣಿಯ ಬೆನ್ನು ಮುರಿಯಿತು. ಥ್ರಾಸಿವುಲೋಸ್ ಅಣ್ಣನ ಹೆಗಲ ಮೇಲೆ ಕೈ ಹಾಕಿ, "ಇನ್ಮೇಲೆ ನೀನು ಮೀನಿನ ಹಿಂದೆ ಓಡೋದು ಬೇಡ ಪಾಂಡೆಲಿ, ಮೀನೇ ನಮ್ಮ ಹತ್ರ ಬರುತ್ತೆ" ಅಂದ. ಅಣ್ಣ ಆಮೇಲೆ ಕಾಫಿ ಅಂಗಡಿಯಲ್ಲಿ ಕೂತರೆ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

ಅಣ್ಣನ ಜೊತೆ ಬಲೆ ಎಳೆಯುತ್ತಿದ್ದ ನನ್ನ ಗಂಡನಿಗೂ ಉಳಿದ ಮೀನುಗಾರರಿಗೂ ಧಕ್ಕೆಯ ಮೇಲೆ ಹೊಸ ಕೆಲಸ ಸಿಕ್ಕಿತು. ಹಡಗಿನಿಂದ ಎಸೆಯುವ ಹಗ್ಗ ಹಿಡಿದು ಕಬ್ಬಿಣದ ಗೂಟಗಳಿಗೆ ಸಿಕ್ಕಿಸುವುದು, ಹೋಗುವಾಗ ಬಿಚ್ಚುವುದು. ಆ ಗುಂಪಿಗೆ ಝಿಸಿಸನೇ ಮುಂದಾಳು. ಅವನು ನಿಂತು ಕೂಗದೆ ಒಂದು ಹಗ್ಗವೂ ಗೂಟಕ್ಕೆ ಬೀಳುವುದಿಲ್ಲ. ಆ ಗುಂಪಿನ ಲಾಂಬ್ರೋಸನಿಗೆ ನನ್ನನ್ನು ಕೆಣಕದಿದ್ದರೆ ಊಟ ಸೇರುವುದಿಲ್ಲ. "ಬೆಟ್ಟದಂಥ ಹಡಗನ್ನ ಕಟ್ಟಿಹಾಕ್ತಾನೆ ನಿನ್ನ ಗಂಡ, ನಿನ್ನ ಬಾಯಿ ಕಟ್ಟೋಕೆ ಮಾತ್ರ ಆಗ್ಲಿಲ್ಲ ನೋಡು" ಅನ್ನುತ್ತಾನೆ.

ಹೋದ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ವಾರ ಅಣ್ಣ ಕಾಫಿ ಅಂಗಡಿಯ ಕುರ್ಚಿಯಲ್ಲೇ ಹೋಗಿಬಿಟ್ಟ. ನಲವತ್ತನೇ ದಿನದ ಕಾರ್ಯಕ್ಕೆ ಇಟ್ಟುಕೊಂಡ ಭಾನುವಾರವೇ ಆ ವರ್ಷದ ಕೊನೆಯ ಹಡಗು ಬಂತು. ನನ್ನ ಅತ್ತಿಗೆ ಅಸಿಮಿನಾ ಹರಿವಾಣದ ತುಂಬ ಕೋಲಿವಾ ಮಾಡಿದ್ದಳು. ಬೇಯಿಸಿದ ಗೋಧಿಗೆ ದಾಳಿಂಬೆ, ಬಾದಾಮಿ, ಎಳ್ಳು ಬೆರೆಸಿ, ಮೇಲೆ ಸಕ್ಕರೆಪುಡಿ ಹಾಸಿ, ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳಲ್ಲಿ ಶಿಲುಬೆ ಬರೆದಿದ್ದಳು. ಅದನ್ನು ಊರವರು ತಿಂದು "ದೇವರು ಅವನನ್ನು ಕ್ಷಮಿಸಲಿ" ಅನ್ನಬೇಕು. ತಿನ್ನುವ ಬಾಯಿ ಎಷ್ಟೋ, ಸತ್ತವನಿಗೆ ಕ್ಷಮೆ ಅಷ್ಟು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಅವತ್ತು ಚರ್ಚಿನಲ್ಲಿ ಇದ್ದದ್ದು ಪಾದ್ರಿ ಆಂಥಿಮೋಸ್, ಅತ್ತಿಗೆ, ನಾನು, ಕಿವಿ ಕೇಳದ ಒಬ್ಬಳು ಮುದುಕಿ. ಉಳಿದವರೆಲ್ಲ ಧಕ್ಕೆಯ ಮೇಲೆ ಟೋಪಿ, ಚರ್ಮದ ಚಪ್ಪಲಿ, ಆಲಿವ್ ಮರದ ಸೌಟು ಮಾರುತ್ತಿದ್ದರು. ನನ್ನ ಗಂಡ ಹಗ್ಗ ಹಿಡಿದು ನಿಂತಿದ್ದ. ಹರಿವಾಣ ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂತು.

ಅತ್ತಿಗೆ ಅಳಲಿಲ್ಲ. "ವರ್ಷದ ತಿಥಿಗೆ ಎಲ್ಲರೂ ಬರ್ತಾರೆ ಬಿಡು. ಆಗ ತಿಂತಾರೆ" ಅಂದಳು. ಆ ಒಂದು ಮಾತು ಹಿಡಿದುಕೊಂಡೇ ಅವಳು ವರ್ಷ ದೂಡಿದ್ದು. ಬೇರೆ ಏನನ್ನೂ ಅವಳು ಕೇಳಿದವಳಲ್ಲ, ಅಣ್ಣನನ್ನೂ ಕೇಳಿದವಳಲ್ಲ.

ಈ ವರ್ಷ ಕಂಪನಿಯವರು ಹಡಗನ್ನು ಬುಧವಾರಕ್ಕೆ ಹಾಕಿದ್ದರು. ಭಾನುವಾರ ಊರೆಲ್ಲ ಬಿಡುವಾಗಿರುತ್ತದೆ ಅಂತ ಅತ್ತಿಗೆ ಪಾದ್ರಿಯ ಹತ್ತಿರ ದಿನ ಗೊತ್ತುಮಾಡಿ, ಮನೆಮನೆಗೆ ಹೋಗಿ ಕರೆದು ಬಂದಳು. ಆ ವಾರ ನಾವಿಬ್ಬರೂ ಅಂಗಳದಲ್ಲಿ ಬಾದಾಮಿ ಒಡೆಯುತ್ತಿದ್ದಾಗ ಥ್ರಾಸಿವುಲೋಸ್ ಬಂದ. ಬಾಯಲ್ಲಿ ಬೆಣ್ಣೆ ಇಟ್ಟುಕೊಂಡೇ ಬಂದ.

"ಅಸಿಮಿನಕ್ಕಾ, ಕಂಪನಿಯವರು ಹಡಗನ್ನ ಭಾನುವಾರಕ್ಕೆ ಬದಲಾಯಿಸಿದ್ದಾರೆ. ಬುಧವಾರ ಬೇರೆ ಯಾವುದೋ ದ್ವೀಪಕ್ಕೆ ಗಿರಾಕಿ ಜಾಸ್ತಿಯಂತೆ."

"ಅದಕ್ಕೆ?" ಅಂದೆ ನಾನು.

"ನಿನ್ನನ್ನ ಕೇಳ್ತಿಲ್ಲ ಗರೂಫಲ್ಯಾ."

"ಸತ್ತವನು ನನ್ನಣ್ಣ. ನನ್ನನ್ನೂ ಕೇಳು."

ಅವನು ನನ್ನ ಕಡೆ ತಿರುಗಲೇ ಇಲ್ಲ. "ಒಂದು ವಾರ ಮುಂದಕ್ಕೆ ಹಾಕಿ ಅಕ್ಕಾ. ಈ ವಾರವೇ ಇಟ್ಕೊಂಡ್ರೆ ಮತ್ತೆ ನಲವತ್ತನೇ ದಿನದ ಹಾಗೇ ಆಗುತ್ತೆ, ಯಾರೂ ಬರೋಕಾಗಲ್ಲ, ನಿಮಗೇ ಬೇಜಾರು. ಮುಂದಿನ ಭಾನುವಾರ ಹಡಗಿಲ್ಲ. ಕಂಪನಿಯ ಏಜೆಂಟ್ ಮಾತು ಕೊಟ್ಟಿದ್ದಾನೆ."

"ಆಗಲಿ" ಅಂದಳು ಅತ್ತಿಗೆ.

ನನ್ನ ಮೈಯೆಲ್ಲ ಉರಿಯಿತು. ಇವನ ಮಗನಿಗೆ ಜ್ಞಾನಸ್ನಾನವಾದಾಗ ಎಣ್ಣೆ ಸವರಿದ ಆ ಕೂಸನ್ನು ಎತ್ತಿಕೊಂಡು, ಜ್ಞಾನತಂದೆಯಾಗಿ ಹೆಸರಿಟ್ಟವನು ನನ್ನಣ್ಣ. ಆ ಋಣಕ್ಕಾದರೂ ನಾಲಿಗೆ ತಡೆಯಬೇಡವೇ? ಆ ಭಾನುವಾರ ಹಡಗು ಬಂತು, ಬಂದವರು ಬಸ್ಸು ಹತ್ತಿ ಹಳೇ ಕಲ್ಲುಕಂಬ ನೋಡಲು ಹೋದರು, ಸಂಜೆ ಬಂದು ನೀರಿನ ಬಾಟಲಿ ಕೊಂಡು ಹಡಗು ಹತ್ತಿದರು. ಇಷ್ಟಕ್ಕೆ ನನ್ನಣ್ಣ ಒಂದು ವಾರ ಕಾದ.

ಮುಂದಿನ ಶನಿವಾರ ಅತ್ತಿಗೆ ಗೋಧಿ ಬೇಯಿಸಿದಳು. ಬಸಿದು, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆರಹಾಕಿದಳು. ಬೆಂದ ಗೋಧಿ ಹೆಚ್ಚು ಹೊತ್ತು ತಡೆಯುವುದಿಲ್ಲ, ಮಾಡಿದ ಮಾರನೆಯ ದಿನ ಹಂಚಿ ಮುಗಿಸಬೇಕು. ಸಂಜೆ ನಾನು ದಾಳಿಂಬೆ ಬಿಡಿಸುತ್ತಿರುವಾಗ ಬಾಗಿಲಲ್ಲಿ ಮತ್ತೆ ಅದೇ ಮುಖ.

"ಅಕ್ಕಾ, ಹೇಳೋಕೆ ನಾಚಿಕೆ ಆಗುತ್ತೆ. ಈಗ ತಾನೇ ಏಜೆಂಟ್ ಫೋನ್ ಮಾಡಿದ್ದ. ನಾಳೆ ಹಡಗು ಬರ್ತಿದೆ. ಬೇರೆ ಬಂದರಿಗೆ ಹೋಗಬೇಕಿತ್ತಂತೆ, ಅಲ್ಲಿ ಇಳಿಯೋಕೆ ಜನ ಹೆಸರು ಕೊಟ್ಟಿಲ್ಲವಂತೆ. ಬೇಡಿಕೆಗೆ ತಕ್ಕ ಹಾಗೆ ಬದಲಾವಣೆ ಅಂದ."

"ಏನಂದ?" ಅತ್ತಿಗೆ ಕೇಳಿದಳು.

"ಬೇಡಿಕೆಗೆ ತಕ್ಕ ಹಾಗೆ ಬದಲಾವಣೆ. ಅವರು ಹಾಗೇ ಹೇಳೋದು."

"ಗೋಧಿ ಬೆಂದಿದೆ, ಥ್ರಾಸೋ."

"ಫ್ರಿಜ್ಜಲ್ಲಿ ಇಡಿ ಅಕ್ಕಾ, ಏನಾಗಲ್ಲ."

"ನಿಮ್ಮಪ್ಪನ ತಿಥಿಯನ್ನೂ ಫ್ರಿಜ್ಜಲ್ಲಿ ಇಟ್ಟಿದ್ಯಾ?" ಅಂದೆ. ಅವನು ಕೆಂಪಾದ. ಝಿಸಿಸ್ ಒಳಗಿನಿಂದ ಕೆಮ್ಮಿದ. ಅತ್ತಿಗೆ ಬಟ್ಟೆಯ ಅಂಚು ಎಳೆದು ಗೋಧಿಯ ಮೇಲೆ ಮುಚ್ಚಿ "ಆಗಲಿ" ಅಂದಳು. ಆ ಹೊತ್ತು ಅವಳ ಮೇಲೂ ನನಗೆ ಸಿಟ್ಟು ಬಂತು. ಹೀಗೆ ಆಗಲಿ ಆಗಲಿ ಅಂದೇ ದೋಣಿಯೂ ಹೋದದ್ದು.

ಭಾನುವಾರ ಬೆಳಗಾಗುವಷ್ಟರಲ್ಲಿ ಧಕ್ಕೆಯ ಮೇಲೆ ಅಂಗಡಿಗಳೆಲ್ಲ ತೆರೆದಿದ್ದವು. ಥ್ರಾಸಿವುಲೋಸ್ ಬಿಳಿ ಅಂಗಿ ತೊಟ್ಟು ನಿಂತಿದ್ದ. ನನ್ನ ಗಂಡ, ಲಾಂಬ್ರೋಸ್, ಉಳಿದವರೆಲ್ಲ ಕೈಗವಸು ಹಾಕಿ ಗೂಟಗಳ ಹತ್ತಿರ ನಿಂತಿದ್ದರು. ಹಡಗು ಭೂಶಿರದ ಹಿಂದಿನಿಂದ ಬಂತು. ತಿರುಗಲಿಲ್ಲ. ನಮ್ಮ ಮೂಗಿನ ಮುಂದೆಯೇ ಹಾದು ಬಿಳಿಬಿಳಿ ಹೊಳೆಯುತ್ತ ಹೊರಟೇಹೋಯಿತು. ಏಜೆಂಟ್ ಹೇಳಿದ್ದು, ರಾತ್ರಿ ಯೋಚನೆ ಬದಲಾಯಿತಂತೆ. ದಡಕ್ಕೆ ಬಿಡದಿದ್ದರೆ ಜನ ಹಡಗಿನೊಳಗೇ ಹೆಚ್ಚು ತಿಂದು ಕುಡಿದು ಆಡಿ ಖರ್ಚು ಮಾಡುತ್ತಾರಂತೆ. ಲಾಂಬ್ರೋಸ್ ಕೈಗವಸು ಬಿಚ್ಚಿ, "ಟಾಟಾ ಮಾಡಿ ಅಧ್ಯಕ್ಷರೇ, ಮೀನು ಹೋಗ್ತಾ ಇದೆ" ಅಂದ. ಅಷ್ಟರಲ್ಲಿ ಚರ್ಚಿನ ಪೂಜೆಯೂ ಮುಗಿದು ಬಾಗಿಲು ಹಾಕಿತ್ತು, ತಿಥಿ ಆಗಲಿಲ್ಲ.

ಸೋಮವಾರ ಗೋಧಿ ಹುಳಿ ವಾಸನೆ ಹೊಡೆಯಿತು. ಸತ್ತವರಿಗೆ ಅಂತ ಬೇಯಿಸಿದ್ದನ್ನು ಕಸಕ್ಕೆ ಹಾಕುವಂತಿಲ್ಲ. ಅತ್ತಿಗೆ ನಿಂಬೆ ಗಿಡದ ಬುಡ ಅಗೆದು ಅದನ್ನು ಮುಚ್ಚಿದಳು. ನಾನು ಪಕ್ಕದಲ್ಲಿ ನಿಂತು ಕಂಪನಿಗೆ, ಏಜೆಂಟನಿಗೆ, ಥ್ರಾಸಿವುಲೋಸನ ಏಳು ತಲೆಮಾರಿಗೆ ಶಾಪ ಹಾಕಿದೆ. ಅವಳು ಕೈಗೆ ಅಂಟಿದ ಮಣ್ಣು ಕೊಡವುತ್ತ, "ಎರಡು ಸಲ ಹೂತ ಹಾಗಾಯ್ತು ಗರೂಫಲ್ಯಾ" ಅಂದಳು.

ಆ ವಾರವೇ ಇನ್ನೊಂದು ಸುದ್ದಿ ಬಂತು. ಇನ್ನು ಈ ವರ್ಷ ಹಡಗು ನಮ್ಮ ಕಡೆ ಇಲ್ಲ. ಮುಂದಿನ ವರ್ಷವೂ ಅನುಮಾನ. ಅಮೆರಿಕದ ಕಡೆಯ ಬೆಚ್ಚನೆ ಸಮುದ್ರಕ್ಕೆ ಹೆಚ್ಚು ಜನ ದುಡ್ಡು ಕಟ್ಟುತ್ತಿದ್ದಾರಂತೆ, ಹಡಗನ್ನು ಅಲ್ಲಿಗೆ ಕಳಿಸುತ್ತಾರಂತೆ. ಕಾಫಿ ಅಂಗಡಿಯಲ್ಲಿ ಥ್ರಾಸಿವುಲೋಸ್ ಇದನ್ನು ಹೇಳಿದಾಗ ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು. ಬೇಡಿಕೆ ಅಂದಮೇಲೆ ಏನು ಮಾಡುವುದು ಅಂದರು. ನನಗೆ ತಡೆಯಲಾಗಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ, "ಅವರಿಗೆ ಹಡಗು ತಿರುಗಿಸಿದ್ರೆ ಆಯ್ತು. ನಾವು ದೋಣಿ ಒಡೆದ್ವಲ್ಲ, ಅದನ್ನ ಯಾವ ಕಡೆ ತಿರುಗಿಸ್ತೀರಿ?" ಅಣ್ಣನ ಕುರ್ಚಿ ಇನ್ನೂ ಸಮುದ್ರಕ್ಕೆ ಬೆನ್ನು ಹಾಕಿಕೊಂಡೇ ಇತ್ತು.

ಅತ್ತಿಗೆ ಮೂರನೆಯ ಸಲ ಗೋಧಿ ಬೇಯಿಸಿದಳು.

ಆ ಭಾನುವಾರ ಚರ್ಚು ತುಂಬಿತು. ಕೆಲಸವಿಲ್ಲದ ಊರು, ಬರದೆ ಏನು ಮಾಡುತ್ತದೆ? ಟೋಪಿ ಮಾರುವವರು, ಚಪ್ಪಲಿ ಮಾರುವವರು, ಬಸ್ಸಿನವರು ಎಲ್ಲರೂ ಕಪ್ಪು ಬಟ್ಟೆ ತೊಟ್ಟು ಬಂದರು. ನನಗೆ ಒಬ್ಬೊಬ್ಬರ ಮುಖಕ್ಕೂ ಒಂದೊಂದು ಮಾತು ಎಸೆಯಬೇಕು ಅನಿಸುತ್ತಿತ್ತು. ಆದರೆ ಅತ್ತಿಗೆ ಹಿಂದೆ ತಿರುಗಿ ತುಂಬಿದ ಚರ್ಚನ್ನು ನೋಡಿದಳಲ್ಲ, ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ವರ್ಷದಲ್ಲಿ ಅಂಥ ಮುಖ ನೋಡಿರಲಿಲ್ಲ.

ಪಾದ್ರಿ ಅಣ್ಣನ ಹೆಸರು ಹಿಡಿದು ಓದಲು ಶುರುಮಾಡಿದಾಗ ಹೊರಗೆ ಹಡಗಿನ ಕೂಗು ಕೇಳಿಸಿತು.

ಅದು ಯಾವ ಹಡಗಿನ ಕೂಗು ಅಂತ ಎಲ್ಲರಿಗೂ ಗೊತ್ತು. ಥ್ರಾಸಿವುಲೋಸನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಅವನು ಕಿವಿಗಿಟ್ಟು ಕೇಳಿದ. ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ದೂರದ ಸಮುದ್ರಕ್ಕೆ ಹೊರಡುವ ಮೊದಲು ಹಡಗು ಕೊನೆಯದಾಗಿ ನಿಲ್ಲಬೇಕಿದ್ದ ಬಂದರಿನಲ್ಲಿ ಮುಷ್ಕರವಂತೆ, ಒಂದು ದಿನದ ಮಟ್ಟಿಗೆ ಇಲ್ಲಿಗೆ ತಿರುಗಿಸಿದ್ದಾರಂತೆ. ಹಿಂದಿನ ಸಾಲಿನವರು ಕೈಯಲ್ಲಿದ್ದ ಮೇಣದ ಬತ್ತಿ ಊದಿ ಒಬ್ಬೊಬ್ಬರಾಗಿ ಜಾರಿದರು. ಪಾದ್ರಿಯ ಓದು ತಡವರಿಸಿತು, ನಿಂತಿತು.

ಥ್ರಾಸಿವುಲೋಸ್ ನನ್ನ ಗಂಡನ ಕಡೆ ನೋಡಿ ಹಗ್ಗ ಎಳೆಯುವ ಹಾಗೆ ಕೈಸನ್ನೆ ಮಾಡಿದ. ಲಾಂಬ್ರೋಸ್, ಉಳಿದ ಹಗ್ಗದವರೆಲ್ಲ ಝಿಸಿಸನ ಮುಖ ನೋಡಿದರು. ಝಿಸಿಸ್ ನೆಲ ನೋಡಿದ. ಆಮೇಲೆ ಅವನ ಒಂದು ಕಾಲು ಬಾಗಿಲ ಕಡೆಗೆ ಸರಿಯಿತು. ಅದನ್ನು ನಾನು ನೋಡಿದೆ. ಅತ್ತಿಗೆಯೂ ನೋಡಿದಳು.

ಅವಳು ಮುಂದೆ ಹೋಗಿ ಮೇಜಿನ ಮೇಲಿದ್ದ ಗೋಧಿಯ ಹರಿವಾಣವನ್ನು ಎರಡೂ ಕೈಯಲ್ಲಿ ಎತ್ತಿ, ನಡುವೆ ಚುಚ್ಚಿದ್ದ ಉರಿಯುವ ಮೇಣದ ಬತ್ತಿಯ ಸಮೇತ ತಂದು ನನ್ನ ಗಂಡನ ಎದುರು ಹಿಡಿದಳು.

"ಹಿಡ್ಕೋ ಝಿಸಿ. ನನ್ನ ಕೈ ಸೋತಿದೆ."

ಅವನು ಹಿಡಿದ. ಸತ್ತವನ ಹರಿವಾಣವನ್ನು ಬೇಡ ಅನ್ನುವ ಗಂಡಸು ನಮ್ಮಲ್ಲಿ ಹುಟ್ಟಿಲ್ಲ, ಹಿಡಿದ ಮೇಲೆ ನೆಲದ ಮೇಲೆ ಇಡುವವನೂ ಹುಟ್ಟಿಲ್ಲ.

ಹಡಗು ಮತ್ತೆ ಕೂಗಿತು. ಥ್ರಾಸಿವುಲೋಸ್ ಹತ್ತಿರ ಬಂದು, "ಝಿಸಿ, ಹಡಗು ಬಾಗಿಲಲ್ಲಿದೆ ಕಣೋ" ಅಂದ.

"ಕೈ ಖಾಲಿ ಇಲ್ಲ" ಅಂದ ನನ್ನ ಗಂಡ. ಮೆತ್ತಗೇ ಅಂದ. ಅವನಿಗೆ ಬೇರೆ ಥರ ಮಾತಾಡಲು ಬರುವುದಿಲ್ಲ. ಆದರೆ ಕಾಲು ಹಿಂದಕ್ಕೆ ಬಂದಿತ್ತು. ಲಾಂಬ್ರೋಸ್ ಕೈಕಟ್ಟಿ ನಿಂತ. ಆ ಸಾಲಿನಲ್ಲಿ ಒಬ್ಬನೂ ಅಲುಗಲಿಲ್ಲ.

ಅತ್ತಿಗೆ ಪಾದ್ರಿಯ ಕಡೆ ತಿರುಗಿದಳು. "ಯಾಕೆ ನಿಲ್ಲಿಸಿದ್ರಿ ಗುರುಗಳೇ? ಓದಿ. ನಿಧಾನಕ್ಕೆ ಓದಿ, ಅವನಿಗೇನೂ ಅವಸರ ಇಲ್ಲ."

ಪಾದ್ರಿ ಓದಿದರು. ಅಷ್ಟು ನಿಧಾನವಾಗಿ ಅವರು ಓದಿದ್ದನ್ನು ನಾನು ಕೇಳಿಲ್ಲ. "ಅವನ ನೆನಪು ಎಂದೆಂದಿಗೂ ಇರಲಿ" ಅಂತ ಮೂರು ಸಲ ಹಾಡುವಾಗ ಹಡಗೂ ನಡುನಡುವೆ ಕೂಗುತ್ತಿತ್ತು. ಹಗ್ಗ ಹಿಡಿಯುವವರಿಲ್ಲದೆ ಎಷ್ಟು ಹೊತ್ತು ನಿಂತೀತು? ಒಂದು ಕೂಗು ದೂರದಿಂದ ಬಂತು, ಆಮೇಲೆ ಸುಮ್ಮನಾಯಿತು. ಜಾರಿದ್ದವರು ಸಪ್ಪೆ ಮೋರೆ ಹೊತ್ತು ವಾಪಸು ಬಂದರು. ಕೆಲವರು ನಮ್ಮನ್ನು ನುಂಗುವ ಹಾಗೆ ನೋಡಿದರು. ನಾನೂ ಹಾಗೇ ನೋಡಿದೆ.

ಚರ್ಚಿನ ಬಾಗಿಲಲ್ಲಿ ಝಿಸಿಸ್ ಹರಿವಾಣ ಹಿಡಿದು ನಿಂತ, ಅತ್ತಿಗೆ ಚಮಚದಲ್ಲಿ ಎಲ್ಲರ ಕೈಗೂ ಗೋಧಿ ಹಾಕಿದಳು. ಜಾರಿ ಹೋಗಿ ಬಂದವರಿಗೂ ಹಾಕಿದಳು. ಥ್ರಾಸಿವುಲೋಸನೂ ಬಂದ.

"ಊರು ಹಾಳು ಮಾಡಿದ್ರಿ ಅಕ್ಕಾ. ಏಜೆಂಟ್‌ಗೆ ನಾನೀಗ ಏನು ಹೇಳ್ಲಿ? ಕಂಪನಿಯವರು ಕೇಳಿದ್ರೆ ಏನು ಹೇಳ್ಲಿ?"

"ಬೇಡಿಕೆಗೆ ತಕ್ಕ ಹಾಗೆ ಬದಲಾವಣೆ ಅಂತ ಹೇಳು" ಅಂದಳು ಅತ್ತಿಗೆ. "ಕೈ ಒಡ್ಡು."

ಅವನು ಒಡ್ಡಿದ. ಅವಳು ಚಮಚದ ತುಂಬ ಹಾಕಿದಳು. ಅವನು ಬಾಯಿಗೆ ಹಾಕಿಕೊಂಡು ಅಗಿದು, ಎದೆಯೊಳಗೇ ಏನೋ ಗೊಣಗಿದ.

"ಕೇಳಿಸ್ಲಿಲ್ಲ" ಅಂದೆ ನಾನು.

ಅವನು ನನ್ನನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಗೋಧಿ ನುಂಗಿದ.

"ದೇವರು ಪಾಂಡೆಲಿಸನನ್ನ ಕ್ಷಮಿಸಲಿ" ಅಂದ, ಊರಿಗೆಲ್ಲ ಕೇಳುವ ಹಾಗೆ.